ಪಾದ್ರಿಗೆ ವರ್ಗವಾದ ಮೇಲೆ ಉಳಿಯುವುದೇನು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಮುಂದಿನ ವರ್ಷ ನಮ್ಮ ಇಗರ್ಜಿಗೆ ನೂರು ತುಂಬುತ್ತದೆ. ಜುಬಿಲಿಗೆಂದು ಕೂಡಿಟ್ಟ ಹಣದಲ್ಲಿ ಸಭಾಭವನ ಕಟ್ಟಬೇಕೆಂದು ಕೆಲವರೂ, ಬಡ ಕುಟುಂಬಗಳಿಗೆ ಅಕ್ಕಿ-ಬೇಳೆಯ ಕಿಟ್ ಹಂಚಬೇಕೆಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ನಮ್ಮ ವಾಳೆಯ (ಇಗರ್ಜಿಗೆ ಸೇರಿದ ವಾರ್ಡಿನ) ಯುವಕರು ಮಾತ್ರ ಊರಿನ ಎಲ್ಲರೊಡನೆ ಕೂಡಿ ಬಾಳಿಕೆ ಬರುವ ಕೆಲಸವೊಂದನ್ನು ಮಾಡೋಣ ಎನ್ನುತ್ತಾರೆ. ಹಾಗೆ ನೆರೆಯವರೊಡನೆ ಸೇರಿ ಊರಿನ ಬದುಕನ್ನು ಬದಲಿಸಿದ ಇಗರ್ಜಿಗಳು ನಿಜವಾಗಿ ಇವೆಯೇ? – ಓರ್ವ ಓದುಗರು, ಕಾರ್ಕಳ ತಾಲ್ಲೂಕು

ಉತ್ತರ: ಇವೆ. ಈ ಪ್ರಶ್ನೆ ಕೇಳಿದಾಗ ನನಗೆ ಮೊದಲು ನೆನಪಾಗುವುದು ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ. ಅಲ್ಲಿನ ಆಂಟಿಗೊನಿಶ್ ಎಂಬ ಪುಟ್ಟ ಪಟ್ಟಣದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯವಿದೆ. 1920ರ ದಶಕದಲ್ಲಿ ಅದರ ಸುತ್ತಲಿನ ಕಡಲಂಚಿನ ಹಳ್ಳಿಗಳು ಇದ್ದ ಸ್ಥಿತಿಯನ್ನು ನಮ್ಮ ಕರಾವಳಿಯ ಹಿರಿಯರು ಕೂಡಲೇ ಗುರುತು ಹಿಡಿದಾರು: ಬಲೆಗೂ ದೋಣಿಗೂ ಸಾಲ ಕೊಟ್ಟ ವ್ಯಾಪಾರಿಯೇ ಹಿಡಿದ ಮೀನನ್ನು ಕೊಳ್ಳುವವನು, ಅದಕ್ಕೆ ದರ ಕಟ್ಟುವವನೂ ಅವನೇ, ಮನೆಗೆ ಬೇಕಾದ ಹಿಟ್ಟು-ಸಕ್ಕರೆಯನ್ನು ಕಡ ಬರೆದು ಮಾರುವವನೂ ಅವನೇ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಮೀನುಗಾರನ ಕೈಯಲ್ಲಿ ಉಳಿಯುತ್ತಿದ್ದುದು ಮುಂದಿನ ವರ್ಷದ ಸಾಲ.

ಅದೇ ವಿಶ್ವವಿದ್ಯಾಲಯದ ಉಪಾಧ್ಯಕ್ಷರಾಗಿದ್ದ ಜಿಮ್ಮಿ ಟಾಂಪ್ಕಿನ್ಸ್ ಎಂಬ ಪಾದ್ರಿ, ಓದು-ಬರಹವನ್ನು ಕಾಲೇಜಿನ ಗೋಡೆಯಾಚೆ ಸಾಮಾನ್ಯ ಜನರ ಬಳಿಗೆ ಒಯ್ಯಬೇಕೆಂದು 1921ರಲ್ಲಿ ಒಂದು ಕಿರುಹೊತ್ತಿಗೆ ಬರೆದರು. ಮರುವರ್ಷ, ಆ ಪ್ರದೇಶದ ಕಾಲೇಜುಗಳನ್ನು ಒಂದುಗೂಡಿಸುವ ವಿಚಾರದಲ್ಲಿ ಬಿಷಪರೊಡನೆ ಭಿನ್ನಾಭಿಪ್ರಾಯ ಬಂದು, ಅವರನ್ನು ಕ್ಯಾನ್ಸೊ ಎಂಬ ಬಡ ಮೀನುಗಾರರ ಊರಿಗೆ ಕಳುಹಿಸಲಾಯಿತು. ಅದು ಶಿಕ್ಷೆಯ ವರ್ಗವೆಂಬುದು ಎಲ್ಲರಿಗೂ ಗೊತ್ತಿತ್ತು. ಐವತ್ತು ದಾಟಿದ ವಿದ್ವಾಂಸರೊಬ್ಬರಿಗೆ ಅದು ಬದುಕಿನ ಮುಕ್ತಾಯದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರು ಅಲ್ಲಿ ಮೊದಲ ಕೆಲವು ವರ್ಷ ಮಾಡಿದ್ದು ದಕ್ಕೆಯಲ್ಲಿ ನಿಂತು ಮಾತನಾಡುವುದು, ಪ್ರಶ್ನೆ ಕೇಳುವುದು, ಓದಲು ಏನನ್ನಾದರೂ ಕೈಗೆ ತುರುಕುವುದು, ಇಷ್ಟೇ. 1927ರ ಜುಲೈ 1ರಂದು ಕೆನಡಾ ದೇಶವೆಲ್ಲ ಒಕ್ಕೂಟದ ಅರವತ್ತನೆಯ ವರ್ಷವನ್ನು ಆಚರಿಸುತ್ತಿದ್ದಾಗ, ನಾವು ಸಂಭ್ರಮಿಸಲು ಏನಿದೆ ಎಂದು ಕ್ಯಾನ್ಸೊದ ಮೀನುಗಾರರು ಸಭೆ ಸೇರಿದರು. ಆ ಸಭೆಯ ಸದ್ದು ಪತ್ರಿಕೆಗಳಿಗೆ ತಲುಪಿತು, ಪಾದ್ರಿಗಳು ಬೆಂಬಲಕ್ಕೆ ನಿಂತರು, ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಆಯೋಗದ ಮುಂದೆ ಸಾಕ್ಷ್ಯ ನುಡಿದವರಲ್ಲಿ ಟಾಂಪ್ಕಿನ್ಸರ ಸಂಬಂಧಿಯೂ ಆಗಿದ್ದ ಪಾದ್ರಿ ಮೋಸೆಸ್ ಕೋಡಿ ಒಬ್ಬರು. 1928ರಲ್ಲಿ ವಿಶ್ವವಿದ್ಯಾಲಯವು ಜನಶಿಕ್ಷಣಕ್ಕಾಗಿಯೇ ಒಂದು ವಿಸ್ತರಣಾ ವಿಭಾಗವನ್ನು ತೆರೆದು ಅದರ ಹೊಣೆಯನ್ನು ಕೋಡಿಯವರಿಗೆ ಒಪ್ಪಿಸಿತು.

ಅವರು ಕಂಡುಕೊಂಡ ವಿಧಾನ ಹೀಗಿತ್ತು. ಮೊದಲು ಊರಿನವರೆಲ್ಲರ ದೊಡ್ಡ ಸಭೆ. ಅಲ್ಲಿಂದ ಐದು-ಹತ್ತು ಜನರ ಅಧ್ಯಯನ ಕೂಟಗಳು. ಕೂಟ ಸೇರುತ್ತಿದ್ದುದು ಯಾರದಾದರೂ ಅಡುಗೆಮನೆಯಲ್ಲಿ, ಚಳಿಗಾಲದ ರಾತ್ರಿ, ಒಲೆಯ ಸುತ್ತ. ಅಲ್ಲಿ ಓದುತ್ತಿದ್ದುದು ಧರ್ಮಗ್ರಂಥವನ್ನಲ್ಲ. ನಾವು ಹಿಡಿದ ಮೀನು ಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ, ನಮಗೆ ಸಿಗುವುದೆಷ್ಟು, ನಡುವಿನದು ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು. ಓದಲು ಬಾರದವರಿಗೆ ಓದಬಲ್ಲವರು ಓದಿ ಹೇಳುತ್ತಿದ್ದರು. ವಿಭಾಗದಿಂದ ಕಿರುಹೊತ್ತಿಗೆಗಳು ಬರುತ್ತಿದ್ದವು, ಸೇಂಟ್ ಮಾರ್ತಾ ಸಭೆಯ ಭಗಿನಿಯರು ಗ್ರಂಥಾಲಯವನ್ನೂ ಸ್ತ್ರೀಯರ ಕೂಟಗಳನ್ನೂ ನೋಡಿಕೊಳ್ಳುತ್ತಿದ್ದರು. 1930ರ ದಶಕದ ಕೊನೆಯ ಹೊತ್ತಿಗೆ ಇಂತಹ ಕೂಟಗಳ ಸಂಖ್ಯೆ ಸಾವಿರ ದಾಟಿತ್ತು.

ಕೂಟದ ಓದು ಕೆಲಸವಾಗಿ ಬದಲಾದ ಬಗೆಯನ್ನು ನೋಡಬೇಕಾದರೆ ಕ್ಯಾನ್ಸೊದ ಪಕ್ಕದ ಲಿಟಲ್ ಡೋವರ್ ಎಂಬ ಹಳ್ಳಿಯನ್ನು ನೋಡಬೇಕು. ಅಲ್ಲಿನವರು ತಾವೇ ಮರ ತಂದು, ತಾವೇ ಗೋಡೆ ನಿಲ್ಲಿಸಿ, ಸಿಗಡಿಯ ದೊಡ್ಡಣ್ಣನೆನ್ನಬಹುದಾದ ಲಾಬ್‌ಸ್ಟರನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದನ್ನು ಕಟ್ಟಿಕೊಂಡರು. ಸಾಲ ಹೊಂದಿಸಲು ಟಾಂಪ್ಕಿನ್ಸ್ ನೆರವಾದರು. ಕಾರ್ಖಾನೆಯ ಒಡೆತನ ಮಾತ್ರ ಮೀನುಗಾರರದು. ಹಸುವಿಗೆ ಮೇವಿಲ್ಲದ ಕಲ್ಲುನೆಲವೆಂದು ಮಕ್ಕಳ ಹಾಲಿಗಾಗಿ ಆಡುಗಳನ್ನು ತರಿಸಿದ ಸಂಗತಿ ಚಿಕ್ಕದಾದರೂ ನನಗೆ ಕಾರ್ಖಾನೆಯಷ್ಟೇ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಊರಿನ ನೆಲ ಗೊತ್ತಿಲ್ಲದ ಯಾವ ದಾನಿಯೂ ಅದನ್ನು ಯೋಚಿಸಲಾರ.

1932ರಿಂದ ಹಳ್ಳಿ ಹಳ್ಳಿಗಳಲ್ಲಿ ಕ್ರೆಡಿಟ್ ಯೂನಿಯನ್ ಎಂಬ ಉಳಿತಾಯ-ಸಾಲದ ಸಂಘಗಳು ಹುಟ್ಟಿದವು. ಇಲ್ಲಿ ನಮಗೂ ಒಂದು ಎಳೆ ಇದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘದ ಹಿಂದೆ ಇದ್ದುದು ಜರ್ಮನಿಯ ರೈಫೈಸನ್ ಮಾದರಿ, ಅಂದರೆ ಹಳ್ಳಿಯವರೇ ಕೂಡಿ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಪದ್ಧತಿ. ಎರಡು ವರ್ಷಗಳ ಬಳಿಕ, 1907ರಲ್ಲಿ, ಎಡ್ವರ್ಡ್ ಫಿಲೀನ್ ಎಂಬ ಬಾಸ್ಟನ್ನಿನ ವ್ಯಾಪಾರಿ ಭಾರತಕ್ಕೆ ಬಂದು ಬಂಗಾಳದ ಹಳ್ಳಿಗಳಲ್ಲಿ ಇದೇ ಬಗೆಯ ಸಂಘಗಳನ್ನು ಕಂಡು, ಆ ಆಲೋಚನೆಯನ್ನು ಅಮೆರಿಕಕ್ಕೆ ಒಯ್ದನು. ಅವನ ಹಣದಿಂದ ಅಲ್ಲಿ ಕ್ರೆಡಿಟ್ ಯೂನಿಯನ್‌ಗಳನ್ನು ಹಬ್ಬಿಸಿದ ರಾಯ್ ಬರ್ಗೆನ್‌ಗ್ರೆನ್ ಎಂಬವರೇ ನೋವಾ ಸ್ಕೋಷಿಯಾಕ್ಕೂ ಬಂದು ಆರಂಭಕ್ಕೆ ಕೈಜೋಡಿಸಿದರು. ನಮ್ಮ ಹಳ್ಳಿಯ ಕಟ್ಟೆಯ ಮೇಲಿನ ಆಲೋಚನೆ ಸಮುದ್ರ ಸುತ್ತಿ ಅವರ ಅಡುಗೆಮನೆಗೆ ಹೋದದ್ದೆಂದರೆ ತೀರಾ ಉತ್ಪ್ರೇಕ್ಷೆಯಾಗದು. ಮುಂದೆ ಟಾಂಪ್ಕಿನ್ಸರಿಗೆ ರಿಸರ್ವ್ ಮೈನ್ಸ್ ಎಂಬ ಕಲ್ಲಿದ್ದಲಿನ ಊರಿಗೆ ವರ್ಗವಾಯಿತು. ಅಲ್ಲಿ ಗಣಿ ಕಾರ್ಮಿಕರು ಕೂಟದಲ್ಲಿ ಕುಳಿತು ಮನೆ ಕಟ್ಟುವುದನ್ನು ಓದಿ ಕಲಿತು, 1938ರ ಹೊತ್ತಿಗೆ ಹನ್ನೊಂದು ಮನೆಗಳನ್ನು ತಮ್ಮ ಕೈಯಾರೆ ಕಟ್ಟಿಕೊಂಡರು. ಆ ಬೀದಿಗೆ ಟಾಂಪ್ಕಿನ್ಸ್‌ವಿಲ್ ಎಂದೇ ಹೆಸರಾಯಿತು.

ಇನ್ನು ಅಕ್ಕಿ-ಬೇಳೆಯ ಕಿಟ್ಟಿನ ಬಗ್ಗೆ. ಹಸಿದವನಿಗೆ ಇಂದು ಅನ್ನ ಬೇಕು. ಅದನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತು. ಆದರೆ ಕೊಡುವ ಕೈ ಕೇಳುವ ಕಿವಿಯೂ ಆಗಬೇಕು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಉಚಿತ ಊಟ ನಡೆಸುತ್ತಿದ್ದ ಚರ್ಚುಗಳವರು, ಊಟಕ್ಕೆ ಬರುವವರಲ್ಲಿ ಅನೇಕರು ನಿರುದ್ಯೋಗಿಗಳಲ್ಲ, ದಿನವಿಡೀ ದುಡಿದೂ ಹೊಟ್ಟೆಗೆ ಸಾಲದವರು ಎಂಬುದನ್ನು ಗಮನಿಸಿದರು. ಅವರಲ್ಲಿ ಕೆಲವರು ನಗರಸಭೆಯ ಗುತ್ತಿಗೆದಾರರ ಕೆಳಗೇ ದುಡಿಯುತ್ತಿದ್ದರು. ಚರ್ಚುಗಳ ಒಕ್ಕೂಟವು ಕಾರ್ಮಿಕ ಸಂಘದೊಡನೆ ಸೇರಿ ಹೋರಾಡಿ, ನಗರದ ಗುತ್ತಿಗೆ ಕೆಲಸಗಾರರಿಗೆ ಬದುಕಲು ಸಾಲುವ ಕೂಲಿ ಕೊಡಲೇಬೇಕೆಂಬ ಕಾನೂನನ್ನು 1994ರಲ್ಲಿ ತರಿಸಿತು. ದೇಶದ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್ ಇದ್ದಾಗ ಈ ಕಾನೂನು 6.10 ಡಾಲರಿನಿಂದ ಆರಂಭವಾಯಿತು. ಕಿಟ್ ಹಂಚಿ, ಫೋಟೊ ತೆಗೆದು ಮನೆಗೆ ಮರಳಿದ್ದರೆ ಆ ಕಾನೂನು ಹುಟ್ಟುತ್ತಿರಲಿಲ್ಲ.

ನಿಮ್ಮ ಜುಬಿಲಿ ಹಣವನ್ನು ಆರು ತಿಂಗಳು ಬ್ಯಾಂಕಿನಲ್ಲೇ ಇರಗೊಡಿ. ಆ ಆರು ತಿಂಗಳಲ್ಲಿ ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯ ಕ್ರೈಸ್ತೇತರ ಮನೆಗಳಿಗೂ ಹೋಗಿ, ಜಗಲಿಯಲ್ಲಿ ಕುಳಿತು, ಈ ಊರಿನಲ್ಲಿ ನಿಮಗೆ ಯಾವುದು ಕಷ್ಟ ಎಂದು ಕೇಳಿ ಬರೆದುಕೊಳ್ಳಲಿ. ಸಭಾಭವನವೇ ಬೇಕೆಂದು ಎಲ್ಲರೂ ಹೇಳಿದರೆ ಅದನ್ನೇ ಕಟ್ಟಿ. ಬೀಗದ ಕೈ ಮಾತ್ರ ಇಗರ್ಜಿಯ ಕಪಾಟಿನಲ್ಲಿ ಇರುವುದು ಬೇಡ.

ಪ್ರಶ್ನೆ: ಹಳ್ಳಿಯ ಮಾತು ಸರಿ. ನಮ್ಮದು ಬೆಂಗಳೂರಿನ ಹೊರವಲಯದ ಬಡಾವಣೆ. ಪಕ್ಕದ ಮನೆಯವರ ಹೆಸರೇ ಗೊತ್ತಿರುವುದಿಲ್ಲ. ಇಂತಹ ಕಡೆ ಒಂದು ಪ್ರಾರ್ಥನಾ ಸಭೆ ನೆರೆಹೊರೆಗಾಗಿ ಏನು ಮಾಡಲು ಸಾಧ್ಯ? – ಓರ್ವ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಬಡಾವಣೆ ಎಷ್ಟೇ ಅಪರಿಚಿತವಾಗಿರಲಿ, 1970ರ ದಶಕದ ಪೂರ್ವ ಬ್ರೂಕ್ಲಿನ್ನಿಗಿಂತ ಮೇಲು ಎಂದು ಧೈರ್ಯವಾಗಿ ಹೇಳಬಲ್ಲೆ. ನ್ಯೂಯಾರ್ಕ್ ನಗರದ ಬ್ರೌನ್ಸ್‌ವಿಲ್ ಮತ್ತು ಈಸ್ಟ್ ನ್ಯೂಯಾರ್ಕ್ ಎಂಬ ಕೇರಿಗಳಲ್ಲಿ ಆಗ ಕಟ್ಟಡಗಳಿಗೆ ಬೆಂಕಿ ಬೀಳುವುದು ನಿತ್ಯದ ಸುದ್ದಿಯಾಗಿತ್ತು. ಮಾಲೀಕರು ಕಟ್ಟಡ ಬಿಟ್ಟು ಓಡಿಹೋಗಿದ್ದರು, ಬೀದಿಗಟ್ಟಲೆ ಜಾಗ ಹಾಳು ಸುರಿಯುತ್ತಿತ್ತು. ಬ್ಯಾಂಕು ಹೋಯಿತು, ಅಂಗಡಿ ಹೋಯಿತು, ಉಳಿದದ್ದು ಚರ್ಚುಗಳು. ಆ ದಶಕದ ಕೊನೆಗೆ ಕ್ಯಾಥೊಲಿಕ್, ಲೂಥರನ್, ಬ್ಯಾಪ್ಟಿಸ್ಟ್ ಮುಂತಾದ ಸಭೆಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಜಾನಿ ರೇ ಯಂಗ್‌ಬ್ಲಡ್ ಎಂಬ ಬ್ಯಾಪ್ಟಿಸ್ಟ್ ಸಭಾಪಾಲಕರು ಅದರ ಮುಂದಾಳುಗಳಲ್ಲಿ ಒಬ್ಬರು.

ಅವರು ಮೊದಲೇ ಮನೆ ಕಟ್ಟಲು ಹೊರಡಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಮೊದಲು ತಮ್ಮ ಸದಸ್ಯರಿಂದಲೇ ವಂತಿಗೆ ಎತ್ತಿದರು, ಮನೆ ಮನೆಗೆ ಹೋಗಿ ಮಾತನಾಡಿಸಿದರು, ಸಾಮಾನ್ಯ ಗೃಹಿಣಿಯರಿಗೂ ಗುಮಾಸ್ತರಿಗೂ ಸಭೆ ನಡೆಸುವ ತರಬೇತಿ ಕೊಟ್ಟರು. ಬಳಿಕ ಕೈಗೆತ್ತಿಕೊಂಡದ್ದು ನಗೆ ಬರಿಸುವಷ್ಟು ಸಣ್ಣ ಕೆಲಸ: ಬೀದಿಯ ಹೆಸರಿನ ಫಲಕಗಳು. ಕಳೆದುಹೋಗಿದ್ದ ಸಾವಿರಾರು ಫಲಕಗಳ ಪಟ್ಟಿ ಮಾಡಿ ನಗರಾಡಳಿತದ ಮುಂದಿಟ್ಟು, ಅವನ್ನು ಮತ್ತೆ ನೆಡಿಸಿದರು. ಆಮೇಲೆ ಸ್ಥಳೀಯ ದಿನಸಿ ಅಂಗಡಿಗಳಿಗೆ ತಂಡ ತಂಡವಾಗಿ ಹೋಗಿ, ತೂಕವನ್ನೂ ಹಳಸಿದ ಮಾಲನ್ನೂ ಪರೀಕ್ಷಿಸಿ, ಮಾಲೀಕರೊಡನೆ ಲಿಖಿತ ಒಪ್ಪಂದ ಮಾಡಿಕೊಂಡರು. ತಾವು ಕೂಡಿ ಕೇಳಿದರೆ ಏನಾದರೂ ಆಗುತ್ತದೆ ಎಂದು ಜನ ಒಮ್ಮೆ ಕಣ್ಣಾರೆ ಕಾಣದಿದ್ದರೆ ಎರಡನೆಯ ಸಭೆಗೆ ಯಾರು ಬರುತ್ತಾರೆ?

ಆ ನಂತರವೇ ಮನೆಗಳ ಮಾತು. ಐ.ಡಿ. ರಾಬಿನ್ಸ್ ಎಂಬ ನಿವೃತ್ತ ಕಟ್ಟಡಗಾರ, ಅಲ್ಲೊಂದು ಇಲ್ಲೊಂದು ಮನೆ ಕಟ್ಟಿದರೆ ಕೇರಿ ಬದಲಾಗದು, ಸಾಲುಮನೆಗಳನ್ನು ಒಟ್ಟಿಗೆ ಸಾವಿರದ ಲೆಕ್ಕದಲ್ಲಿ ಕಟ್ಟಬೇಕು, ಆಗಲೇ ಬೆಲೆಯೂ ಇಳಿಯುತ್ತದೆ ಎಂದು ವಾದಿಸಿದನು. ಚರ್ಚುಗಳು ತಮ್ಮ ಮೇಲಿನ ಸಂಸ್ಥೆಗಳಿಂದ ಬಡ್ಡಿಯಿಲ್ಲದ ಹಣವನ್ನು ತಂದು ಒಂದು ನಿಧಿ ಮಾಡಿದವು. ಆ ಹಣದಿಂದ ಮನೆ ಕಟ್ಟುವುದು, ಮಾರಿ ಬಂದ ಹಣವನ್ನು ಮತ್ತೆ ನಿಧಿಗೆ ಹಾಕಿ ಮುಂದಿನ ಮನೆ ಕಟ್ಟುವುದು. ಮೇಯರ್ ಎಡ್ ಕಾಚ್ ಅವರ ಆಡಳಿತವು ಪಾಳುಬಿದ್ದ ಜಾಗವನ್ನೂ, ಪ್ರತಿ ಮನೆಗೆ 10,000 ಡಾಲರ್ ಬಡ್ಡಿರಹಿತ ಸಾಲವನ್ನೂ ಕೊಟ್ಟಿತು. ಸುಮಾರು ಐವತ್ತು ಸಾವಿರ ಡಾಲರಿನ ಆಸುಪಾಸಿನ ಆ ಮನೆಗಳನ್ನು ಕೊಂಡವರು ಆಸ್ಪತ್ರೆಯ ಸಹಾಯಕಿಯರು, ಗುಮಾಸ್ತರು, ಸಾರಿಗೆ ನೌಕರರು. 1982ರಲ್ಲಿ ಗುದ್ದಲಿ ಬಿದ್ದ ಈ ಯೋಜನೆಗೆ, ಜೆರುಸಲೇಮಿನ ಮುರಿದ ಗೋಡೆಯನ್ನು ಪ್ರತಿ ಮನೆಯವರೂ ತಮ್ಮ ತಮ್ಮ ಬಾಗಿಲ ಮುಂದಿನ ತುಂಡನ್ನು ಎಬ್ಬಿಸುವಂತೆ ಮಾಡಿ ಕಟ್ಟಿಸಿದ ನೆಹೆಮೀಯನ ಹೆಸರನ್ನಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು.

ಬೆಂಗಳೂರಿಗೆ ಇದನ್ನು ಹಾಗೆಯೇ ತರಲಾಗದು. ನಿಮ್ಮಲ್ಲಿ ನಿವೇಶನದ ಬೆಲೆಯೇ ಬೇರೆ ಕಥೆ. ಆದರೆ ಫಲಕದಂತಹ ಕೆಲಸ ನಿಮ್ಮ ಬೀದಿಯಲ್ಲೂ ಇದ್ದೀತು: ಉರಿಯದ ದೀಪ, ತುಂಬಿದ ರಾಜಕಾಲುವೆ, ಎಲ್ಲರ ಮನೆಗೂ ಬರುವ ನೀರಿನ ಟ್ಯಾಂಕರಿನ ದರ. ಭಾನುವಾರದ ಆರಾಧನೆಯ ನಂತರ ನಿಮ್ಮ ಸಭಾಂಗಣ ಖಾಲಿ ಇರುತ್ತದಲ್ಲ, ಬಡಾವಣೆಯ ನಿವಾಸಿಗಳ ಸಭೆಗೆ ಅದನ್ನು ಕೊಟ್ಟು ನೋಡಿ. ಹೆಸರು ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ನೆರೆಯವರ ಸೇವೆ ಎಂಬುದು ಮತಾಂತರದ ಹಿಂಬಾಗಿಲು ಅಲ್ಲವೇ? ನಮ್ಮ ಕರಾವಳಿಯ ಬಾಸೆಲ್ ಮಿಶನ್ನಿನ ಇತಿಹಾಸ ಏನು ಹೇಳುತ್ತದೆ? – ಓರ್ವ ಓದುಗರು, ಉಡುಪಿ

ಉತ್ತರ: ಬೇಸರವಿಲ್ಲ, ಈ ಅಂಕಣಕ್ಕೆ ಬೇಕಾದದ್ದೇ ಇಂತಹ ಪ್ರಶ್ನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಧರ್ಮಪ್ರಚಾರಕ್ಕಾಗಿಯೇ ಬಂದದ್ದು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಮತ ಬದಲಿಸಿದವರು ಕುಲಕಸುಬನ್ನೂ ಮನೆಯ ಆಸರೆಯನ್ನೂ ಕಳೆದುಕೊಂಡಾಗ ಅವರಿಗೆ ದುಡಿಮೆ ಬೇಕಾಯಿತು. ನೇಯ್ಗೆ, ಮುದ್ರಣ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ, ಎಲ್ಲವೂ ಆ ಅಗತ್ಯದಿಂದ ಬೆಳೆದವು. ಅಲ್ಲಿನ ಕೆಲಸದೊಂದಿಗೆ ಸಭೆಯ ಶಿಸ್ತೂ ಬರುತ್ತಿತ್ತು. ಆದ್ದರಿಂದ ನಿಮ್ಮ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ.

ಆದರೆ ಅದೇ ಕಥೆಯ ಇನ್ನೊಂದು ಮಗ್ಗುಲನ್ನು ನೋಡಿ. ನೇತ್ರಾವತಿಯ ಜೇಡಿಯಿಂದ ಹಂಚು ಮಾಡುವ ವಿದ್ಯೆ ಮಿಶನ್ನಿನ ಆವರಣದೊಳಗೆ ನಿಲ್ಲಲಿಲ್ಲ. ಸ್ಥಳೀಯರು ತಾವೇ ಕಾರ್ಖಾನೆ ತೆರೆದರು, ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಕೆಂಪು ಹಂಚು ಬಂತು, ಅದರ ಕೆಳಗೆ ಎಲ್ಲ ಜಾತಿ-ಮತದವರೂ ಮಳೆಗಾಲ ಕಳೆದರು. ಮಿಶನ್ ಒಡೆಯನಾಗಿ ಉಳಿಸಿಕೊಂಡ ಕಾರ್ಖಾನೆಗಳು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಂಪರ್ಕದ ಕಾರಣ ಅದರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಊರಿನವರ ಕೈಗೆ ದಾಟಿದ ಕಸುಬು ಮಾತ್ರ ಊರಿನಲ್ಲೇ ಉಳಿಯಿತು. ನೆರೆಯವರು ಒಡೆಯರಾಗಿದ್ದಾರೋ ಅಥವಾ ಫಲಾನುಭವಿಗಳಷ್ಟೇ ಆಗಿದ್ದಾರೋ ಎಂಬುದೇ ನಾನು ಹಾಕುವ ಒರೆಗಲ್ಲು.

ಆಂಟಿಗೊನಿಶ್‌ನವರು ಈ ಅನುಮಾನವನ್ನು ಆರಂಭದಲ್ಲೇ ಬಲ್ಲವರಾಗಿದ್ದರು, ಏಕೆಂದರೆ ಅಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ನಡುವೆ ಹಳೆಯ ಬಿರುಕಿತ್ತು. ಅವರ ಸಹಕಾರಿ ಸಂಘಗಳು ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರ 1844ರ ಮಾದರಿಯಂತೆ ಧರ್ಮದ ವಿಷಯದಲ್ಲಿ ತಟಸ್ಥವಾಗಿದ್ದವು: ಯಾವ ಸಭೆಯವರೂ ಸದಸ್ಯರಾಗಬಹುದು, ಒಬ್ಬರಿಗೆ ಒಂದೇ ಮತ. ನಮ್ಮ ಇಗರ್ಜಿಗಳೂ ಇಂತಹ ಕೆಲಸಕ್ಕೆ ಇಳಿಯುವುದಾದರೆ ಲೆಕ್ಕಪತ್ರ ಎಲ್ಲರಿಗೂ ತೆರೆದಿರಬೇಕು, ಆಡಳಿತ ಮಂಡಳಿಯಲ್ಲಿ ಎಲ್ಲ ಮತದವರೂ ಇರಬೇಕು, ನೆರವಿಗೂ ಪ್ರಾರ್ಥನೆಗೂ ಗಂಟು ಹಾಕಬಾರದು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಂಘದ ನಿಯಮಾವಳಿಯಲ್ಲೇ ಬರೆಯಬೇಕು. ನೀವೂ ಅಂತಹ ಮಂಡಳಿಯಲ್ಲಿ ಒಂದು ಕುರ್ಚಿ ಕೇಳಿ ಪಡೆಯಿರಿ. ಹೊರಗೆ ನಿಂತು ಅನುಮಾನಿಸುವುದಕ್ಕಿಂತ ಒಳಗೆ ಕುಳಿತು ಲೆಕ್ಕ ನೋಡುವುದು ನಿಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

ಪ್ರಶ್ನೆ: ಇಂತಹ ಪ್ರಯತ್ನಗಳಲ್ಲಿ ಸೋತವು ಇಲ್ಲವೇ? ಗೆದ್ದವುಗಳನ್ನಷ್ಟೇ ಹೇಳುವುದು ವಾಡಿಕೆ. – ಓರ್ವ ಓದುಗರು, ಧಾರವಾಡ

ಉತ್ತರ: ಸೋತವೂ ಇವೆ, ಗೆದ್ದವುಗಳ ಒಳಗೇ ಸೋಲೂ ಇದೆ. ಆಂಟಿಗೊನಿಶ್ ಚಳವಳಿಯ ಕಾವು ಎರಡನೆಯ ಮಹಾಯುದ್ಧದ ಬಳಿಕ ಇಳಿಯಿತು. ಎಷ್ಟೋ ಸಹಕಾರಿ ಅಂಗಡಿಗಳು ದೊಡ್ಡ ಮಳಿಗೆಗಳ ಎದುರು ನಿಲ್ಲಲಾರದೆ ಮುಚ್ಚಿದವು, ಯುವಕರು ಹಳ್ಳಿ ಬಿಟ್ಟರು. ಕ್ರೆಡಿಟ್ ಯೂನಿಯನ್‌ಗಳು ಇಂದಿಗೂ ಇವೆ, ಕೋಡಿಯವರ ಹೆಸರಿನಲ್ಲಿ 1959ರಲ್ಲಿ ತೆರೆದ ಸಂಸ್ಥೆಗೆ ಏಷ್ಯಾ-ಆಫ್ರಿಕಾಗಳಿಂದ ಕಲಿಯುವವರು ಬರುತ್ತಿದ್ದಾರೆ, ಆದರೆ ಒಲೆಯ ಸುತ್ತಲಿನ ಆ ಕೂಟಗಳು ಹಿಂದಿನಂತೆ ಇಲ್ಲ. ಬ್ರೂಕ್ಲಿನ್ನಿನ ಮನೆಗಳ ಬಗ್ಗೆಯೂ ತಕರಾರಿತ್ತು: ಮಹಾನಗರದಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ತಗ್ಗು ಮನೆ ಕಟ್ಟಿ ಜಾಗ ಪೋಲುಮಾಡಿದರು, ಮನೆ ಕೊಳ್ಳುವಷ್ಟೂ ಗಳಿಕೆಯಿಲ್ಲದ ಕಡುಬಡವರನ್ನು ಬಿಟ್ಟರು ಎಂದು. ಎರಡನೆಯ ಆಕ್ಷೇಪ ನನಗೆ ಗಟ್ಟಿಯಾದದ್ದೆಂದೇ ತೋರುತ್ತದೆ.

ಪ್ರಶ್ನೆ: ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ವಿಗಾರರು (ಇಗರ್ಜಿಯ ಮುಖ್ಯ ಗುರುಗಳು) ಬದಲಾಗುತ್ತಾರೆ. ಈಗಿನ ಗುರುಗಳು ಉತ್ಸಾಹಿಗಳು, ಆದರೆ ಮುಂದಿನ ಮೇ ತಿಂಗಳಲ್ಲಿ ಅವರಿಗೆ ವರ್ಗ. ಹೊಸಬರು ಬಂದ ಮೇಲೆಯೇ ಆರಂಭಿಸುವುದು ಮೇಲಲ್ಲವೇ? – ಓರ್ವ ಓದುಗರು, ಶಿರ್ವ

ಉತ್ತರ: ಈಗಲೇ ಆರಂಭಿಸಿ. ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಾಗೊನ್ ಎಂಬ ಊರಿಗೆ 1941ರಲ್ಲಿ ಬಂದ ಅರಿಸ್ಮೆಂಡಿಯರ್ರಿಯೆಟಾ ಎಂಬ ತರುಣ ಪಾದ್ರಿ ಎರಡು ವರ್ಷದೊಳಗೆ ಒಂದು ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತವರು 1956ರಲ್ಲಿ ಕಾರ್ಮಿಕರೇ ಒಡೆಯರಾದ ಕಾರ್ಖಾನೆ ಆರಂಭಿಸಿದರು, ಅದು ಮುಂದೆ ಜಗತ್ತಿನ ಅತಿ ದೊಡ್ಡ ಕಾರ್ಮಿಕ ಸಹಕಾರಿಗಳಲ್ಲಿ ಒಂದಾಯಿತು. ಆ ಪಾದ್ರಿಗೆ ವರ್ಗವಾಗಲಿಲ್ಲ, ಸಾಯುವವರೆಗೂ ಅದೇ ಊರಿನಲ್ಲಿದ್ದರು. ಹಾಗಿದ್ದೂ ಕಾರ್ಖಾನೆಯಲ್ಲಿ ಒಂದು ಹುದ್ದೆಯನ್ನೂ ತಾವು ಇಟ್ಟುಕೊಳ್ಳಲಿಲ್ಲ. ನಿಮ್ಮ ಗುರುಗಳಿಗೆ ಮೇ ತಿಂಗಳವರೆಗೆ ಸಮಯವಿದೆಯಲ್ಲ, ಮೊದಲ ಸಭೆಯನ್ನು ಅವರು ಕರೆಯಲಿ. ಎರಡನೆಯ ಸಭೆಯನ್ನು ನೆರೆಯ ಮನೆಯವರೊಬ್ಬರು ಅವರ ಜಗಲಿಯಲ್ಲೇ ಕರೆಯಲಿ, ಗುರುಗಳು ಚಾಪೆಯ ಮೇಲೆ ಎಲ್ಲರೊಡನೆ ಕುಳಿತುಕೊಳ್ಳಲಿ. ಮೂರನೆಯದಕ್ಕೆ ಅವರು ಬಾರದಿದ್ದರೂ ನಡೆಯಲಿ.